ಕಡಲಿಗೆ ಸೇರದ ನೀರು

ಬಹ್ರೈನಿನ ಕನ್ನಡದವರೆಲ್ಲ ಸೇರಿ ಏರ್ಪಡಿಸಿದ್ದ ಸಂತಾಪಸಭೆಯಲ್ಲಿ ಅಕ್ಕನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದರು. ಎದ್ದು ಹೋಗಿ ಮೈಕಿನ ಮುಂದೆ ಸ್ವಲ್ಪ ಹೊತ್ತು ನಿಂತೆ, ವಾಪಸು ಬಂದು ಕುಳಿತೆ. ನನಗಿಂತ ಮೊದಲು ಮಾತಾಡಿದವರು ಅವರ ನೀರುದೋಸೆಯ ಬಗ್ಗೆ, ಕೆಲಸದಲ್ಲಿ ಅವರಿಗಿದ್ದ ಶಿಸ್ತಿನ ಬಗ್ಗೆ, ಊರಿನಿಂದ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಅವರು ಮನೆ ಹುಡುಕಿಕೊಡುತ್ತಿದ್ದ ಬಗ್ಗೆ ಹೇಳಿದ್ದರು. ಎಲ್ಲವೂ ನಿಜವೇ. ನನ್ನ ಕಣ್ಣ ಮುಂದೆ ಮಾತ್ರ ಒಂದು ಫ್ಲೈ ರಾಡ್ ಇತ್ತು. ಮೀನು ಹಿಡಿಯುವ ಕೋಲಿನ ಬಗ್ಗೆ ಸಂತಾಪಸಭೆಯಲ್ಲಿ ಹೇಗೆ ಮಾತು ತೆಗೆಯುವುದೆಂದು ತಿಳಿಯಲಿಲ್ಲ.

ಈಗ ಬರೆಯುತ್ತಿದ್ದೇನೆ, ಆದರೆ ಧೈರ್ಯವಾಗಿ ಅಲ್ಲ. ದಿನಚರಿ ಬರೆಯುವ ಅಭ್ಯಾಸ ಇರುವವರಿಗೆ ಒಂದು ಕಷ್ಟವಿದೆ. ನಮ್ಮ ನೆನಪು ಹೇಳುವುದಕ್ಕೂ ಆ ದಿನ ನಾವೇ ಬರೆದಿಟ್ಟದ್ದಕ್ಕೂ ತಾಳೆಯಾಗುವುದಿಲ್ಲ ಎನ್ನುವುದು ಅವರಿಗೆ ಬೇಗ ಗೊತ್ತಾಗುತ್ತದೆ. ಅಕ್ಕನನ್ನು ಮೊದಲ ಸಲ ನೋಡಿದ ದಿನವೇ ಅವರು ನನಗೆ ಹಿಡಿಸಿದ್ದರು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ತೆಗೆದು ನೋಡಿದರೆ ಅವತ್ತಿನ ಪುಟದಲ್ಲಿ ಇರುವುದು ಇಷ್ಟು: "ಹೊಸ ಆಫೀಸು. ಏಸಿ ಜೋರು. ಅಕೌಂಟ್ಸಿನ ಮೇಡಂ ಸಿಡುಕಿ."

ಸಿಡುಕಿ ಅಲ್ಲ ಅವರು. ಸಿತ್ರಾದಲ್ಲಿದ್ದ ನಮ್ಮ ಕಂಪೆನಿಯ ಲೆಕ್ಕದ ವಿಭಾಗಕ್ಕೆ ಮುಖ್ಯಸ್ಥೆ, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಉಡುಪಿ ಕಡೆಯ ಮೊಗವೀರರ ಮನೆ. ಅಪ್ಪ, ಅಣ್ಣ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರು. ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರಿ ಈ ಮಗಳನ್ನು ಎಂ.ಕಾಂ. ಓದಿಸಿದ್ದರು. ಮನೆಮಾತು ತುಳು. ನಾನು ಮೈಸೂರಿನವಳು, ನನಗೆ ತುಳು ಬಾರದು. ನನ್ನ ಹತ್ತಿರ ಅವರು ಕನ್ನಡದಲ್ಲಿ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ತುಳು. ಅವರನ್ನು ಅಕ್ಕ ಎಂದೂ ಅವರ ಗಂಡನನ್ನು ಭಾವ ಎಂದೂ ಕರೆಯಲು ಶುರು ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಸನದ್‌ನಲ್ಲಿ ಅವರದೂ ನನ್ನದೂ ಒಂದೇ ಬೀದಿ. ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ "ಆಗ್ಲಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಚಹಾ ಬಗ್ಗಿಸುತ್ತಿದ್ದರು.

ಅವರೊಡನೆ ಮೀನು ಕೊಳ್ಳಲು ಹೋಗುವುದೆಂದರೆ ನನಗೆ ಸಂಕೋಚ. ಒಂದೊಂದು ಮೀನಿನ ಕಿವಿರನ್ನೂ ಬೆರಳಿನಿಂದ ಎತ್ತಿ ನೋಡುತ್ತಿದ್ದರು. ಬಾಂಗ್ಲಾದ ಮೀನಿನ ಅಂಗಡಿಯವ "ತಾಜಾ ಹೈ ಮೇಡಂ" ಎಂದರೆ ಇವರು "ಕಬ್ ಕಾ ತಾಜಾ?" ಎನ್ನುತ್ತಿದ್ದರು. ಹಾಗೆ ಕೇಳಿ ಅವನನ್ನು ನಗಿಸಿ, ಅವನೇ ಒಳಗಿನಿಂದ ಬೇರೆ ಮೀನು ತೆಗೆದುಕೊಡುವ ತನಕ ಅಲ್ಲೇ ನಿಲ್ಲುತ್ತಿದ್ದರು.

ಇಂಥವರು ಆಫೀಸಿನವರೆಲ್ಲ ದೋಣಿಯಲ್ಲಿ ಹೋಗಿ ಹಮೂರ್ ಮೀನು ಹಿಡಿಯುವ ರಜಾದಿನಗಳಲ್ಲಿ ಗಾಳದ ದಾರವನ್ನು ಮುಟ್ಟುತ್ತಿರಲಿಲ್ಲ. ದೋಣಿಯ ಮಧ್ಯದಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಕೂರುತ್ತಿದ್ದರು. ಮೊದಲ ವರ್ಷ ಮ್ಯಾನೇಜರು ಬಲವಂತವಾಗಿ ದಾರವನ್ನು ಅವರ ಕೈಗೆ ಕೊಡಲು ಹೋದಾಗ ಬಿಸಿ ಪಾತ್ರೆ ತಗುಲಿದವರಂತೆ ಕೈ ಎಳೆದುಕೊಂಡರು. ಹಿಡಿದ ಮೀನನ್ನು ಕೊಯ್ದು ಸ್ವಚ್ಛ ಮಾಡುವಾಗ ಮಾತ್ರ ಎಲ್ಲರಿಗಿಂತ ಮುಂದೆ.

"ಹಿಡಿಯೋಕೆ ಬರಲ್ವಾ ಅಕ್ಕ?" ಎಂದು ಕೇಳಿದ್ದೆ.

"ಬರ್ತದೆ. ಹಿಡಿಯುದಿಲ್ಲ," ಎಂದರು.

ಅದರ ಹಿಂದಿನ ಕತೆ ಗೊತ್ತಾದದ್ದು ತುಂಬ ತಡವಾಗಿ. ಚಿಕ್ಕವರಿದ್ದಾಗ ಅಣ್ಣನ ಜೊತೆ ಬಂಡೆಯ ಮೇಲೆ ಕುಳಿತು ಗಾಳ ಹಾಕುತ್ತಿದ್ದರಂತೆ. ಮನೆಯಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಹಿಡಿಯುವುದು ಗಂಡಸರ ಕೆಲಸ, ಮಾರುವುದು ಹೆಂಗಸರ ಕೆಲಸ. ಇವರು ಹತ್ತನೇ ತರಗತಿಯಲ್ಲಿದ್ದಾಗ ಅಣ್ಣನ ದೋಣಿ ಮಗುಚಿತು. ಅಣ್ಣ ಸಿಗಲಿಲ್ಲ. ಆ ವಾರವೇ ಅಮ್ಮ ಇವರ ಬಲಗೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಇನ್ನು ಮುಂದೆ ಕಡಲಿಗೆ ಕೈ ಹಾಕುವುದಿಲ್ಲ ಎಂದು ಆಣೆ ಮಾಡಿಸಿದರು.

"ನೀವು ಇದನ್ನೆಲ್ಲ ನಂಬ್ತೀರಾ?" ಎಂದು ಕೇಳಿದ್ದೆ. ಎಂ.ಎ. ಓದಿದ್ದ ಜಂಬ ನನ್ನ ದನಿಯಲ್ಲಿ ಇದ್ದಿರಬೇಕು.

"ನಂಬುದೆಂತ, ಬಿಡುದೆಂತ ಮಾರಾಯ್ತಿ. ಮಾತು ಕೊಟ್ಟಾಯ್ತಲ್ಲ."

ಅಕ್ಕನಿಗೆ ಬಲಸ್ತನದ ಕ್ಯಾನ್ಸರ್ ಬಂದ ವರ್ಷ ನಮ್ಮ ಬೀದಿಯೇ ಮಂಕಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಬಲಗೈ ಬಾತುಕೊಳ್ಳಲು ಶುರುವಾಯಿತು. ಭುಜದ ಕೆಳಗಿನಿಂದ ಮಣಿಕಟ್ಟಿನವರೆಗೆ ಬಿಗಿಯಾದ ತೋಳುಚೀಲ ಹಾಕಿಕೊಳ್ಳಬೇಕಿತ್ತು. ಊರಿನಲ್ಲಿ ತಂಗಿಯ ಜೊತೆ ಇದ್ದ ಅಮ್ಮನಿಗೆ ವಿಷಯ ಹೇಳಿರಲಿಲ್ಲ. ಕೂದಲು ಉದುರಿದ್ದು ಕಾಣಬಾರದೆಂದು ಫೋನಿನ ಕ್ಯಾಮೆರಾ ಹಾಳಾಗಿದೆ ಎಂದು ಹೇಳಿಬಿಟ್ಟಿದ್ದರು. "ಅಷ್ಟು ಸಂಬಳ ಬರ್ತದೆ, ಒಂದು ಫೋನ್ ತಕೊಳ್ಳಿಕ್ಕೆ ಆಗುದಿಲ್ವಾ ಇವಳಿಗೆ?" ಎಂದು ಅಮ್ಮ ಭಾವನಿಗೆ ಬೈಯುತ್ತಿದ್ದರಂತೆ. ಭಾವ ಅದನ್ನು ಅವರ ದನಿಯಲ್ಲೇ ಹೇಳಿ ತೋರಿಸುತ್ತಿದ್ದರು. ಅಕ್ಕ ನಗುತ್ತಿದ್ದರು. ಆ ನಗುವನ್ನು ನೋಡಿಕೊಂಡು ಭಾವ ಇನ್ನೊಮ್ಮೆ ಹೇಳುತ್ತಿದ್ದರು.

ಕೀಮೋ ಕೊಡುವ ಕುರ್ಚಿಯಲ್ಲಿ ಕುಳಿತು ಅಕ್ಕ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು. ಒಂದು ದಿನ ಫೋನನ್ನು ನನ್ನ ಕಡೆ ತಿರುಗಿಸಿದರು. ಯಾವುದೋ ತಣ್ಣನೆಯ ದೇಶದ ಸರೋವರ, ಅಂಚಿನಲ್ಲಿ ಇನ್ನೂ ಕರಗದ ಹಿಮ. ತಲೆ ನರೆತ ಒಬ್ಬ ಹೆಂಗಸು ಸೊಂಟದ ತನಕ ನೀರಿನಲ್ಲಿ ನಿಂತು ಉದ್ದನೆಯ ಕೋಲಿನಿಂದ ಹಗ್ಗದಂಥ ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದಳು. ದಾರ ಗಾಳಿಯಲ್ಲಿ ಸುರುಳಿಯಾಗಿ ಬಿಚ್ಚಿಕೊಂಡು ನೀರಿನ ಮೇಲೆ ನೇರವಾಗಿ ಮಲಗುತ್ತಿತ್ತು. ಕೊನೆಗೆ ಕೋಲು ಬಾಗಿತು. ತುಂಬ ಹೊತ್ತು ಏನೂ ಕಾಣಲಿಲ್ಲ, ಕೋಲು ಬಾಗಿಯೇ ಇತ್ತು. ಆಮೇಲೆ ಒಂದು ದೊಡ್ಡ ಟ್ರೌಟ್ ಮೀನು ಮೇಲೆ ಬಂತು, ಬೂದು ಮೈಯ ತುಂಬ ಬಿಳಿ ಚುಕ್ಕಿ. ಆಕೆ ಅದನ್ನು ಎರಡೂ ಕೈಯಲ್ಲಿ ಮಗುವನ್ನು ಹಿಡಿದಂತೆ ಹಿಡಿದಳು. ಆಮೇಲೆ ಬಿಟ್ಟುಬಿಟ್ಟಳು.

"ನೋಡು," ಎಂದರು ಅಕ್ಕ. "ಇದು ಕಡಲಲ್ಲ."

ಅಷ್ಟೇ ಹೇಳಿದ್ದು. ನನಗೆ ಆಗ ಅರ್ಥವಾಯಿತೋ ಆಮೇಲೆ ಆಯಿತೋ, ಖಚಿತವಾಗಿ ಹೇಳಲಾರೆ.

ಬೇಕಾದದ್ದು ಅವರಿಗೆ ಒಂದೇ ಒಂದು ಮೀನು. ತಾವೇ ಹಿಡಿದದ್ದು, ದೊಡ್ಡದು, ಅಮ್ಮನ ಆಣೆ ಮುರಿಯದೆ. ಹೊಳೆಯಲ್ಲಿ ಹಿಡಿಯಬಹುದಲ್ಲ ಎಂದರೆ ಒಪ್ಪಲಿಲ್ಲ. ಊರಿನ ಹೊಳೆಯೆಲ್ಲ ಕಡಲಿಗೆ ಸೇರುತ್ತದೆ, ಭರತ ಬಂದಾಗ ಉಪ್ಪಾಗುತ್ತದೆ, ಅದೂ ಕಡಲೇ ಎಂದು ಅವರ ವಾದ. ಕಡಲಿಗೆ ಸೇರದ ನೀರು ಬೇಕು. ಬಹ್ರೈನಿನ ಸಿಪಿಆರ್ ಗುರುತುಚೀಟಿ ಇದ್ದವರಿಗೆ ಜಾರ್ಜಿಯಾಕ್ಕೆ ಹೋಗುವುದು ಸುಲಭ, ನಮ್ಮ ಆಫೀಸಿನ ಅರ್ಧ ಜನ ಈದ್ ರಜೆಗೆ ಅಲ್ಲಿಗೇ ಹೋಗುತ್ತಾರೆ. ಅಲ್ಲಿನ ಬೆಟ್ಟದ ಮೇಲಿನ ಒಂದು ಸರೋವರವನ್ನು ಅಕ್ಕ ಹುಡುಕಿದರು. ಹಿಮ ಕರಗುವ ಹೊತ್ತಿಗೆ, ನೀರು ತಣ್ಣಗಿರುವಾಗ ದೊಡ್ಡ ಟ್ರೌಟ್ ದಡದ ಹತ್ತಿರ ಬರುತ್ತದಂತೆ. ಬಿಸಿಲೇರಿದರೆ ಆಳಕ್ಕೆ ಇಳಿದುಬಿಡುತ್ತದೆ. ಆ ಸರೋವರದಿಂದ ಹೊರಡುವ ನೀರು ಎಲ್ಲಿಗೆ ಹೋಗುತ್ತದೆ ಎಂದು ನಕಾಶೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದರು. ಅದು ಒಂದು ನದಿಗೆ, ಆ ನದಿ ಕ್ಯಾಸ್ಪಿಯನ್‌ಗೆ.

"ನೀನು ಓದಿದವಳಲ್ವಾ, ಹೇಳು. ಕ್ಯಾಸ್ಪಿಯನ್ ಕಡಲಾ, ಕೆರೆಯಾ?"

"ಹೆಸರು ಸಮುದ್ರ. ಆದರೆ ಸುತ್ತಲೂ ನೆಲ. ಸರೋವರ ಅಂತಲೇ ಹೇಳ್ತಾರೆ."

"ಯಾರು ಹೇಳ್ತಾರೆ?"

"ಭೂಗೋಳದವರು."

"ಸಾಕು," ಎಂದು ನಕಾಶೆ ಮುಚ್ಚಿದರು. ಅವರಿಗೆ ಆ ಉತ್ತರದಿಂದ ಆದಷ್ಟು ಸಂತೋಷ ನನ್ನ ಓದಿನಿಂದ ಇನ್ಯಾರಿಗೂ ಆಗಿಲ್ಲ.

ಭಾವನಿಗೆ ಇದೆಲ್ಲ ಮೊದಲು ತಮಾಷೆ. ಅದ್ಲಿಯಾದಲ್ಲಿ ಅಕ್ಕನಿಗೆ ಇಷ್ಟವಾಗಿದ್ದ ಒಂದು ಕೆಫೆ ಇತ್ತು, ಆಸ್ಪತ್ರೆಯಿಂದ ಬರುವಾಗ ಅಲ್ಲಿ ಕುಳಿತು ಪುದೀನ ಹಾಕಿದ ಲಿಂಬೆ ಶರಬತ್ತು ಕುಡಿಯುತ್ತಿದ್ದೆವು. ಅಲ್ಲಿ ನಡೆದ ಮಾತು:

"ಬಂಗುಡೆ ತಿಂದು ಬೆಳೆದವಳು ನೀನು. ಕೆರೆ ಮೀನಿಗೆ ವಿಮಾನ ಹತ್ತುದಾ? ಕೆಸರು ವಾಸನೆ ಅದು."

"ತಿನ್ಲಿಕ್ಕೆ ಅಲ್ಲ."

"ಮತ್ತೆ ಎಂತಕ್ಕೆ?"

"ಹಿಡೀಲಿಕ್ಕೆ."

"ಹಿಡಿದು?"

"ಬಿಡ್ಲಿಕ್ಕೆ."

ಭಾವ ನನ್ನ ಕಡೆ ತಿರುಗಿದರು. "ಕೇಳಿದಿಯಾ? ಇವಳ ಅಪ್ಪ ಈ ಮಾತು ಕೇಳಿದ್ರೆ ದೋಣಿಯಿಂದ ಹಾರಿಬಿಡ್ತಿದ್ರು."

"ಅಪ್ಪ ಹಾರುದಿಲ್ಲ. ನಿಮ್ಮನ್ನು ದೂಡ್ತಿದ್ರು," ಎಂದರು ಅಕ್ಕ.

ರಾಡ್ ಕೊಳ್ಳಲು ಮುಹರ್ರಕ್‌ಗೆ ಹೋದೆವು. ಮೀನುಗಾರಿಕೆಯ ಸಾಮಾನಿನ ಅಂಗಡಿ, ಮಾಲೀಕರು ವಯಸ್ಸಾದ ಬಹ್ರೈನಿ, ಹಿಂದಿ ಚೆನ್ನಾಗಿ ಬರುತ್ತಿತ್ತು.

"ಕೌನ್ ಸಾ ಮಛಲಿ?"

"ಟ್ರೌಟ್. ಬಡಾ ವಾಲಾ. ಮೀಠಾ ಪಾನಿ ಕಾ."

ಅವರು ಅಕ್ಕನ ತಲೆಗೆ ಕಟ್ಟಿದ್ದ ಬಟ್ಟೆಯನ್ನೂ ತೋಳುಚೀಲವನ್ನೂ ನೋಡಿದರು. "ಉಖ್ತಿ, ಚಾರೋಂ ತರಫ್ ಸಮಂದರ್ ಹೈ. ಆಪ್ ಮೀಠಾ ಪಾನಿ ಢೂಂಢ್ ರಹೀ ಹೈ?" ಎಂದರು. ಸುತ್ತಲೂ ಕಡಲಿರುವಾಗ ಸಿಹಿನೀರು ಹುಡುಕುತ್ತೀಯಾ ತಂಗಿ, ಎಂದು.

"ಹಾಂ," ಎಂದರು ಅಕ್ಕ.

ಒಳಗಿನಿಂದ ಎರಡು ರಾಡ್ ತಂದರು. ಇಲ್ಲಿನ ಕೆಲವು ಇಂಗ್ಲಿಷರು ಇವನ್ನು ಕಡಲಲ್ಲೇ ಬೀಸುತ್ತಾರಂತೆ, ಅವರಿಗಾಗಿ ತರಿಸಿದ್ದು. ಎರಡೂ ಒಂಬತ್ತು ಅಡಿ ಉದ್ದ, ನಾಲ್ಕು ತುಂಡಾಗಿ ಕಳಚಬಹುದು. ಒಂದು ಆರನೇ ನಂಬರು, ಇನ್ನೊಂದು ಎಂಟನೆಯದು. ಫ್ಲೈ ರಾಡಿನಲ್ಲಿ ಗಾಳಕ್ಕೆ ತೂಕವಿರುವುದಿಲ್ಲ, ಅದು ಗರಿ ಮತ್ತು ನೂಲು ಸುತ್ತಿದ ಹುಳದಂಥ ಒಂದು ಚೂರು. ತೂಕ ಇರುವುದು ದಾರಕ್ಕೆ. ಆ ದಾರದ ತೂಕವೇ ರಾಡಿನ ನಂಬರು. ಆರನೆಯದು ಮೆತ್ತಗೆ, ಹಗುರ, ಕೈಗೆ ನೋವಿಲ್ಲ. ಅರ್ಧ ಕಿಲೋ, ಒಂದು ಕಿಲೋ ಮೀನಿಗೆ ಚೆನ್ನ. ಎಂಟನೆಯದು ಗಟ್ಟಿ. ಬೆಟ್ಟದ ಗಾಳಿಗೆ ಎದುರಾಗಿ ದಾರ ಎಸೆಯಬಲ್ಲದು, ಮುಳುಗುವ ಭಾರದ ದಾರವನ್ನು ನೀರಿನಿಂದ ಎತ್ತಬಲ್ಲದು. ದೊಡ್ಡ ಟ್ರೌಟ್ ಗಾಳ ಕಚ್ಚಿದ ಕೂಡಲೇ ಆಳಕ್ಕೆ ಧುಮುಕುತ್ತದೆ, ಅದನ್ನು ತಡೆದು ತಿರುಗಿಸುವ ಬೆನ್ನು ಎಂಟನೆಯದಕ್ಕೆ ಇದೆ, ಆರನೆಯದಕ್ಕೆ ಇಲ್ಲ. ಇಷ್ಟನ್ನು ಅಂಗಡಿಯವರು ಎರಡೂ ಕೋಲನ್ನು ಬಾಗಿಸಿ ತೋರಿಸುತ್ತ ಹೇಳಿದರು.

ಅಕ್ಕ ಅಂಗಡಿಯ ಮುಂದಿನ ಓಣಿಯಲ್ಲಿ ನಿಂತು ಎರಡನ್ನೂ ಬೀಸಿ ನೋಡಿದರು. ಆರನೆಯದನ್ನು ಬೀಸುವಾಗ ಮುಖ ಆರಾಮವಾಗಿತ್ತು. ಎಂಟನೆಯದನ್ನು ಸ್ವಲ್ಪ ಹೊತ್ತು ಬೀಸುವಷ್ಟರಲ್ಲಿ ಬಲಗೈಯ ಬೆರಳುಗಳು ಊದಿಕೊಂಡವು. ಕೈ ಕೆಳಗಿಳಿಸಿ ಉಂಗುರ ತಿರುಗಿಸಲು ನೋಡಿದರು, ತಿರುಗಲಿಲ್ಲ.

"ಆರು ತಗೊಳ್ಳಿ ಅಕ್ಕ," ಎಂದೆ. "ಬೀಸೋಕೆ ಆಗಬೇಕಲ್ವಾ ಮೊದಲು?"

"ಆರಕ್ಕೆ ಸಣ್ಣ ಮೀನು ಸಿಗ್ತದೆ."

"ಸಣ್ಣದಾದರೆ ಏನೀಗ? ನೀವೇ ಹಿಡಿದದ್ದು ತಾನೇ."

ಅವರು ನನ್ನನ್ನು ನೋಡಿದ ರೀತಿ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. "ಸಣ್ಣ ಮೀನಿಗಾದ್ರೆ ಇಷ್ಟು ವರ್ಷ ಕಾಯ್ಬೇಕಿತ್ತಾ ಮಾರಾಯ್ತಿ?"

ಭಾವನೂ ಆರು ಎಂದರು. ಆಸ್ಪತ್ರೆಯ ಫಿಸಿಯೋದವಳೂ ಆರು ಎಂದಳು. ಜಾರ್ಜಿಯಾದಲ್ಲಿ ದೋಣಿ ಬಾಡಿಗೆಗೆ ಕೊಡುವವನೊಬ್ಬನ ಜೊತೆ ಅಕ್ಕ ಮೆಸೇಜಿನಲ್ಲಿ ಮಾತಾಡಿದ್ದರು, ಅವನು ಮಾತ್ರ ಎಂಟು ಎಂದ. ಬೇಕಿದ್ದರೆ ತಾನೇ ಬೀಸಿ, ಮೀನು ಕಚ್ಚಿದ ಮೇಲೆ ಅವರ ಕೈಗೆ ಕೊಡುತ್ತೇನೆ ಎಂದೂ ಬರೆದಿದ್ದ. ಅಕ್ಕ ಅದನ್ನು ಓದಿ ಹೇಳಿದರು, "ಗಂಡಸರು ಹಿಡಿದು ಕೊಟ್ಟ ಮೀನು ನಮ್ಮ ಮನೆಯಲ್ಲಿ ಬುಟ್ಟಿಗಟ್ಟಲೆ ಇತ್ತು. ಅದಕ್ಕೆ ಅಲ್ಲಿಯ ತನಕ ಯಾಕೆ?"

ವಾರಗಟ್ಟಲೆ ಇದೇ ಚರ್ಚೆ. ಬೇಳೆ ಬೇಯಿಸುವಾಗ, ಕಾರಿನಲ್ಲಿ ಸಿತ್ರಾ ಸೇತುವೆ ದಾಟುವಾಗ, ಔಷಧಿಯ ಸಾಲಿನಲ್ಲಿ ನಿಂತಾಗ. ನನಗೆ ಒಳಗೊಳಗೇ ಒಂದು ಅನುಮಾನವಿತ್ತು. ಆಯ್ಕೆ ಮುಗಿಯುವುದೇ ಅವರಿಗೆ ಬೇಡವೇನೋ, ಆರೋ ಎಂಟೋ ಎಂದು ಕೇಳಿಕೊಳ್ಳುತ್ತಿರುವಷ್ಟು ದಿನ ಬೇರೆ ಪ್ರಶ್ನೆಗಳು ಮನೆಯೊಳಗೆ ಬರುವುದಿಲ್ಲವೇನೋ ಎಂದು. ಆ ಅನುಮಾನ ತಪ್ಪು. ಅವರು ಎಂಟನೆಯದನ್ನೇ ಕೊಂಡರು. ಒಬ್ಬರೇ ಟ್ಯಾಕ್ಸಿಯಲ್ಲಿ ಹೋಗಿ ತಂದು, ಊಟದ ಮೇಜಿನ ಮೇಲೆ ಇಟ್ಟು, ಎಡಗೈಯಿಂದ ಎತ್ತಿ ತೋರಿಸಿದರು.

"ಇದಕ್ಕೆ ಎಂತದೂ ಆಗ್ಲಿಲ್ಲ ಅಲ್ವಾ," ಎಂದರು. "ಇದು ಹೊಸ ಕೈ."

ಭಾವ ಬಿಡಲಿಲ್ಲ. "ಆಣೆ ಹಾಕಿದ್ದು ಬಲಗೈ. ಹಾಗಾದ್ರೆ ಎಡಗೈಯಲ್ಲಿ ಇಲ್ಲೇ ಕಡಲಿಗೆ ಹಾಕು. ಟಿಕೆಟಿನ ದುಡ್ಡು ಉಳೀತದೆ."

"ಕೈ ಎರಡಾದ್ರೂ ಬಾಯಿ ಒಂದೇ ಅಲ್ವಾ," ಎಂದರು ಅಕ್ಕ.

ಎಲ್ಲಕ್ಕೂ ಬಲಗೈಯನ್ನೇ ಮುಂದೆ ಮಾಡಬೇಕೆಂದು ಹೇಳಿಸಿಕೊಂಡು ಬೆಳೆದ ಹೆಂಗಸು ಐವತ್ತು ದಾಟಿದ ಮೇಲೆ ಎಡಗೈಗೆ ಪಾಠ ಹೇಳಲು ಶುರು ಮಾಡಿದರು. ನಮ್ಮ ಕಟ್ಟಡಗಳ ಹಿಂದೆ ಒಂದು ಖಾಲಿ ಮರಳಿನ ಜಾಗವಿದೆ. ಚಳಿಗಾಲದ ಸಂಜೆಗಳಲ್ಲಿ ಅಲ್ಲಿ ನಿಂತು, ಗಾಳದ ಬದಲು ದಾರದ ತುದಿಗೆ ಕೆಂಪು ಉಲ್ಲನ್ ಚೂರು ಕಟ್ಟಿ ಬೀಸುತ್ತಿದ್ದರು. ಮೊದಮೊದಲು ದಾರ ಅವರ ಕುತ್ತಿಗೆಗೇ ಸುತ್ತಿಕೊಳ್ಳುತ್ತಿತ್ತು. ಬಿಡಿಸುವುದು ನನ್ನ ಕೆಲಸ. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ಒಬ್ಬ ಕೇಳಿಯೇ ಬಿಟ್ಟ, "ಮೇಡಂ, ಪಾನಿ ಕಿಧರ್ ಹೈ?"

"ಆಯೇಗಾ," ಎಂದರು ಅಕ್ಕ, ಬೀಸುವುದನ್ನು ನಿಲ್ಲಿಸದೆ.

ಅವನು ಅದಕ್ಕೆ ನಗಲಿಲ್ಲ. ಆಕಾಶದ ಕಡೆ ಒಮ್ಮೆ ನೋಡಿ ಹೊರಟುಹೋದ.

ಚಳಿಗಾಲ ಮುಗಿಯುವ ಹೊತ್ತಿಗೆ ಎಡಗೈ ಕಲಿತಿತ್ತು. ಗಾಳಿಗೆ ಎದುರಾಗಿ ಬೀಸಿದರೂ ದಾರ ಸುರುಳಿ ಬಿಚ್ಚಿಕೊಂಡು, ಮರಳಿನ ಮೇಲೆ ಎಳೆದ ಗೆರೆಯ ಹಾಗೆ ಬೀಳುತ್ತಿತ್ತು. ಹಾಗೆ ಬಿದ್ದಾಗ ಅಕ್ಕ ಖುಷಿಪಡುವುದಿಲ್ಲ, ತಲೆಯನ್ನು ಒಂದು ಸಲ ಮೆಲ್ಲಗೆ ಆಡಿಸುತ್ತಾರೆ, ಲೆಕ್ಕ ತಾಳೆಯಾದಾಗ ಆಫೀಸಿನಲ್ಲಿ ಆಡಿಸುತ್ತಿದ್ದ ಹಾಗೆ. ಆಡಿಸುತ್ತಿದ್ದರು ಎಂದು ಬರೆಯಬೇಕು. ತಿದ್ದುವುದಿಲ್ಲ. ಈದ್ ಕಳೆದ ಮೇಲಿನ ವಾರಕ್ಕೆ ಟಿಕೆಟ್ ತೆಗೆದರು. ಮೂವರಿಗೂ. ಸೊಂಟದ ತನಕ ಬರುವ ರಬ್ಬರ್ ಬೂಟು ತರಿಸಿಕೊಂಡು ಮನೆಯೊಳಗೆ ಹಾಕಿಕೊಂಡು ಓಡಾಡಿದರು. ಭಾವ ಅದನ್ನು ನೋಡಿ ಸೋಫಾದ ಮೇಲೆ ಬಿದ್ದು ನಕ್ಕರು.

ಆಮೇಲಿನದನ್ನು ಬೇಗ ಬರೆದುಬಿಡುತ್ತೇನೆ. ಎಡಭುಜದಲ್ಲಿ ನೋವು ಎಂದಾಗ ಬೀಸಿ ಬೀಸಿ ಬಂದದ್ದು ಎಂದುಕೊಂಡೆವು. ಫಿಸಿಯೋದವಳೂ ಹಾಗೇ ಅಂದಳು. ಸ್ಕ್ಯಾನ್ ಮಾಡಿಸಿದಾಗ ಮೂಳೆಗೆ ಹರಡಿತ್ತು, ಎಡಭುಜ ಮತ್ತು ಬೆನ್ನು. ವಿಮಾನ ಬೇಡ, ಬೆಟ್ಟವಂತೂ ಬೇಡವೇ ಬೇಡ ಎಂದರು ವೈದ್ಯರು. ಅಕ್ಕ ಅವರನ್ನು ಒಂದೇ ಪ್ರಶ್ನೆ ಕೇಳಿದರು, ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ ಹೋಗಬಹುದಾ ಎಂದು. ವೈದ್ಯರಿಗೆ ಯಾವ ಹಿಮ ಎಂದು ಗೊತ್ತಾಗಲಿಲ್ಲ. ಗೊತ್ತಿಲ್ಲದೆಯೂ ಅವರು ಕಣ್ಣು ತಗ್ಗಿಸಿದರು.

ಒಂದು ಸಂಜೆ ಅಕ್ಕನೇ ಹೇಳಿದರು, ಗಾಳಿಗೆ ಹೋಗುವ ಎಂದು. ಮುಹರ್ರಕ್‌ನ ಆಚೆ ಬದಿಯ ದಡಕ್ಕೆ ಹೋದೆವು. ರಾಡ್ ಕಾರಿನ ಹಿಂಭಾಗದಲ್ಲಿತ್ತು. ಅದನ್ನು ಇಟ್ಟದ್ದು ತಾನಲ್ಲ ಎಂದು ಭಾವ ಈಗಲೂ ಹೇಳುತ್ತಾರೆ. ನಾನಂತೂ ಇಟ್ಟಿಲ್ಲ. ಮುಂದೆ ಬರೆಯುವ ಮಾತುಗಳನ್ನು ಭಾವನ ಹತ್ತಿರ ಕೇಳಿ ಹೊಂದಿಸಿಕೊಂಡಿದ್ದೇನೆ, ಯಾಕೆಂದರೆ ಫೋನಿನಲ್ಲಿ ಅಮ್ಮ ಮಗಳು ಮಾತಾಡಿದ್ದು ತುಳುವಿನಲ್ಲಿ. ನನಗೆ ಅಲ್ಲಲ್ಲಿ ಮಾತ್ರ ತಿಳಿದಿತ್ತು. ಸೂರ್ಯ ಆಗಲೇ ಮುಳುಗಿದ್ದ ಎಂದು ಭಾವ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅಕ್ಕನ ಕೆನ್ನೆಯ ಮೇಲೆ ಬಿಸಿಲಿದೆ. ಇಬ್ಬರಲ್ಲಿ ಯಾರದು ಸರಿ ಎಂದು ತಿಳಿಯುವ ದಾರಿಯಿಲ್ಲ.

ನೀರು ಇಳಿದಿತ್ತು. ದಡದ ಹತ್ತಿರ ಪಾದ ಮುಳುಗುವಷ್ಟು ಮಾತ್ರ. ಭಾವ ಕಾರಿನ ಹಿಂಬಾಗಿಲು ತೆಗೆದು ರಾಡನ್ನು ನೋಡಿದರು. ಆಮೇಲೆ, "ಅಮ್ಮನ ಹತ್ರ ಕೇಳು," ಎಂದರು.

"ಎಂತ ಕೇಳುದು?"

"ಆಣೆ ಬಿಡಿಸು ಅಂತ. ಹಾಕಿಸಿದವರೇ ಬಿಡಿಸಿದ್ರೆ ಆಯ್ತಲ್ಲ."

"ಈಗ ಯಾಕೆ ಕೇಳ್ತಿ ಅಂದ್ರೆ ಎಂತ ಹೇಳ್ಲಿ?"

ಭಾವ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅಕ್ಕನ ಮುಂದೆ ಹಿಡಿದರು. ಆ ಕಡೆ ಟಿವಿಯ ಸದ್ದು, ಅದರ ಮೇಲೆ ಅಮ್ಮನ ಗಟ್ಟಿ ದನಿ. ಬೀದಿಯಲ್ಲಿ ಮೀನು ಬೇಕಾ ಎಂದು ಕೂಗಿ ರೂಢಿಯಾದ ದನಿ.

"ಕ್ಯಾಮೆರಾ ಸರಿ ಆಯ್ತಾ?"

"ಇಲ್ಲಮ್ಮ. ಒಂದು ವಿಷಯ ಕೇಳ್ಲಿಕ್ಕೆ. ಅಣ್ಣ ಹೋದಾಗ ನನ್ನ ಹತ್ರ ಒಂದು ಆಣೆ ಹಾಕಿಸಿದ್ದಿ."

"ಯಾವ ಆಣೆ?"

"ಕಡಲಿಗೆ ಕೈ ಹಾಕುದಿಲ್ಲ ಅಂತ. ನಿನ್ನ ತಲೆ ಮುಟ್ಟಿಸಿ."

ಟಿವಿಯ ಸದ್ದು ನಿಂತಿತು. "ನಾನಾ?" ಎಂದರು ಅಮ್ಮ. "ನಿಮಗೆಲ್ಲ ಎಷ್ಟು ಆಣೆ ಹಾಕಿಸಿದ್ದೇನೆ. ಬೆಲ್ಲ ಕದ್ರೆ ಅದಕ್ಕೂ ಹಾಕಿಸಿದ್ದೆ. ಆ ವರ್ಷ ನಾನು ಎಂತೆಂತ ಹೇಳಿದ್ದೇನೋ ಮಗಾ. ದೇವರಿಗೂ ಬೈದಿದ್ದೆ. ಒಂದೂ ನೆನಪಿಲ್ಲ."

ಅಕ್ಕನ ಮುಖವನ್ನು ನಾನು ನೋಡಲಿಲ್ಲ, ನೋಡಲು ಆಗಲಿಲ್ಲ.

"ಯಾಕೆ, ಈಗ ಗಾಳ ಹಾಕ್ಲಿಕ್ಕೆ ಉಂಟಾ?" ಎಂದರು ಅಮ್ಮ.

"ಹಾಕ್ಬಹುದಾ?"

"ಹಾಕು ಮಾರಾಯ್ತಿ. ಬೇಡ ಅಂದವರು ಯಾರು?"

ಭಾವ ರಾಡಿನ ತುಂಡುಗಳನ್ನು ಜೋಡಿಸಿದರು. ದಾರವನ್ನು ಕೋಲಿನ ಉಂಗುರಗಳಲ್ಲಿ ನಾನು ಪೋಣಿಸಿದೆ. ಅಕ್ಕ ಚಪ್ಪಲಿ ಬಿಟ್ಟು ನೀರಿಗೆ ಇಳಿದು ನಿಂತರು. ಎಡಗೈಯಲ್ಲಿ ಕೋಲು ಹಿಡಿದು ಎತ್ತಿದರು. ಕೈ ಭುಜದ ಮಟ್ಟಕ್ಕೆ ಬರಲಿಲ್ಲ. ಎದೆಯ ಹತ್ತಿರ ನಿಂತುಬಿಟ್ಟಿತು. ಬೀಸಿದರು. ದಾರ ಮುಂದೆ ಹೋಗಲಿಲ್ಲ, ಅವರ ಪಾದದ ಮೇಲೆ ಸಡಿಲ ಸುರುಳಿಯ ರಾಶಿಯಾಗಿ ಬಿತ್ತು. ಇನ್ನೊಮ್ಮೆ ಎತ್ತಿದರು. ಭಾವ ಹತ್ತಿರ ಹೋಗಿ ಮೊಣಕೈಗೆ ಆಸರೆ ಕೊಡಲು ಕೈ ಚಾಚಿದರು. ಅಕ್ಕ ಬೇಡ ಎಂದು ತಲೆಯಾಡಿಸಿದರು. ಆ ಸಲವೂ ದಾರ ಅಲ್ಲೇ ಬಿತ್ತು. ಅವರು ರಾಡನ್ನು ಇಳಿಸಲಿಲ್ಲ. ಹಾಗೇ ಹಿಡಿದುಕೊಂಡು ನೀರಿನ ಕಡೆ ನೋಡುತ್ತ ನಿಂತರು.

ಫೋನ್ ಇನ್ನೂ ಕಡಿದಿರಲಿಲ್ಲ. ಅದು ಭಾವನ ಅಂಗಿಯ ಜೇಬಿನಲ್ಲಿತ್ತು.

"ಸಿಕ್ಕಿತಾ?" ಎಂದು ಕೇಳಿತು ಅಮ್ಮನ ದನಿ.

ಅಕ್ಕ ತಿರುಗಲಿಲ್ಲ. "ಸಿಕ್ಕಿತಮ್ಮ," ಎಂದರು.

"ದೊಡ್ಡದಾ?"

"ದೊಡ್ಡದು."

"ಹಾಗಾದ್ರೆ ಕಡಿಮೆಗೆ ಕೊಡ್ಬೇಡ."

"ಇಲ್ಲಮ್ಮ," ಎಂದರು ಅಕ್ಕ, "ಕೊಡುದಿಲ್ಲ."